ಅಗ್ಗದ ಹಳೇ ಮಿನಿ ಟ್ರ್ಯಾಕ್ಟರ್: ನೋಡಿ ಕೊಳ್ಳುವುದರಿಂದ ಬಣ್ಣ ಹೊಡೆಯುವವರೆಗೆ

ಪುಣೆಯಲ್ಲಿ ನೌಕರಿ, ಸಾಸವಡದ ಕಡೆಗೋ ಮುಳಶಿ ಕಡೆಗೋ ಎರಡು-ಮೂರು ಎಕರೆ ಜಮೀನು. ವಿಜಯಪುರ, ಬೆಳಗಾವಿ, ಕಲಬುರಗಿಯಿಂದ ಬಂದು ಇಲ್ಲಿ ನೆಲೆ ನಿಂತ ನನ್ನ ಗುರುತಿನವರಲ್ಲೇ ಇಂಥವರು ನಾಲ್ಕಾರು ಮಂದಿ ಇದ್ದಾರೆ. ಅವರ ಕಷ್ಟವೂ ಒಂದೇ. ಹದ ಬಂದಾಗ ಬಾಡಿಗೆ ಟ್ರ್ಯಾಕ್ಟರ್ ಸಿಗುವುದಿಲ್ಲ. ಹೊಸದಕ್ಕೆ ದುಡ್ಡು ಸುರಿಯುವಷ್ಟು ಹೊಲವೂ ಇಲ್ಲ. ಹಳೇದೊಂದು ಸಣ್ಣ ಟ್ರ್ಯಾಕ್ಟರ್ ತಗೊಂಡು ರಿಪೇರಿ ಮಾಡಿಸಿದರೆ ಹೇಗೆ ಅಂತ ಕೇಳುತ್ತಾರೆ.

ಮಾಡಬಹುದು. ಆದರೆ ದುಡ್ಡು ಹಾಕುವ ಕ್ರಮ ಸರಿ ಇರಬೇಕು. ಬಹಳ ಜನ ಹೊಸ ಸೀಟು, ಲೈಟು, ಬಣ್ಣದಿಂದ ಶುರು ಮಾಡುತ್ತಾರೆ. ಇಂಜಿನ್ ಸರದಿ ಬರುವ ಹೊತ್ತಿಗೆ ಜೇಬು ಖಾಲಿ. ನನ್ನ ಲೆಕ್ಕದಲ್ಲಿ ಮೊದಲು ಕಾಗದ, ಆಮೇಲೆ ಬ್ರೇಕು-ಸ್ಟೇರಿಂಗು, ಆಮೇಲೆ ಡೀಸೆಲ್, ಗಾಳಿ, ನೀರು, ಎಣ್ಣೆ. ಬಣ್ಣ ಕಟ್ಟಕಡೆಗೆ.

ಯಾವ ಗಾಡಿ ಹುಡುಕಬೇಕು

ಅಮೆರಿಕದಲ್ಲಿ ಹಳೇ ಗಾರ್ಡನ್ ಟ್ರ್ಯಾಕ್ಟರ್ ಅಂದರೆ 1961ರಲ್ಲಿ ಬಂದ ಕಬ್ ಕೆಡೆಟ್, 1963ರ ಜಾನ್ ಡಿಯರ್ 110 ಥರದ ಪುಟ್ಟ ಪೆಟ್ರೋಲ್ ಗಾಡಿಗಳು. ನಮ್ಮ ಕಡೆ ಅವು ಸಿಗುವುದೂ ಕಷ್ಟ, ಸಿಕ್ಕರೆ ಸ್ಪೇರ್ ಪಾರ್ಟಿಗೆ ಪರದಾಟ. ನಮ್ಮಲ್ಲಿ ಆ ಕೆಲಸ ಮಾಡುವುದು ದ್ರಾಕ್ಷಿ ತೋಟದ ಮಿನಿ ಟ್ರ್ಯಾಕ್ಟರ್. ಸಾಲುಗಳ ನಡುವೆ ನುಗ್ಗುವಷ್ಟು ಸಣ್ಣದು, ಔಷಧಿ ಹೊಡೆಯುವ ಪಂಪ್ ತಿರುಗಿಸುವಷ್ಟು ಗಟ್ಟಿ.

ಇವುಗಳಲ್ಲಿ ಹೆಚ್ಚು ಕಾಣುವುದು ಮಿತ್ಸುಬಿಷಿ ಶಕ್ತಿ ಎಂಟಿ 180ಡಿ. ಮಾಡುವವರು 1967ರಲ್ಲಿ ಶುರುವಾದ ನಮ್ಮ ಬೆಂಗಳೂರಿನ ವಿಎಸ್‌ಟಿ ಕಂಪನಿ. ಮೂರು ಸಿಲಿಂಡರ್ ಡೀಸೆಲ್, 18.5 ಎಚ್‌ಪಿ. ನಾಶಿಕ, ಸಾಂಗಲಿ, ವಿಜಯಪುರದ ತಿಕೋಟಾ ಕಡೆ ಇದನ್ನು ಬಿಚ್ಚಿ ಜೋಡಿಸಬಲ್ಲ ಮಿಸ್ತ್ರಿಗಳು ಸಿಗುತ್ತಾರೆ. ಮಹೀಂದ್ರ ಯುವರಾಜ್ 215 ಇನ್ನೂ ಸರಳ: ಒಂದೇ ಸಿಲಿಂಡರ್, 15 ಎಚ್‌ಪಿ. ಸ್ವಲ್ಪ ದೊಡ್ಡದು ಬೇಕೆಂದರೆ ಪುಣೆಯದೇ ಆದ ಫೋರ್ಸ್ ಕಂಪನಿಯ ಆರ್ಚರ್ಡ್ ಮಿನಿ ಇದೆ.

ನಿಜವಾದ ಹಳೇ ಗಾಡಿಯ ಹುಚ್ಚು ಇದ್ದವರ ಕಣ್ಣು ಬೀಳುವುದು ಒಂದೇ ಸಿಲಿಂಡರಿನ, ಗಾಳಿಯಲ್ಲೇ ತಣ್ಣಗಾಗುವ ಐಷರ್ ಮೇಲೆ, ಇಲ್ಲವೇ ಎಚ್‌ಎಂಟಿ 2511 ಮೇಲೆ. ಎಚ್‌ಎಂಟಿ 1971ರಿಂದ ಹರಿಯಾಣದ ಪಿಂಜೋರಿನಲ್ಲಿ ಜೆಕೊಸ್ಲೊವಾಕಿಯಾದ ಝೆಟರ್ ಜೊತೆ ಸೇರಿ ಟ್ರ್ಯಾಕ್ಟರ್ ಮಾಡುತ್ತಿತ್ತು. ಆ ಟ್ರ್ಯಾಕ್ಟರ್ ಘಟಕ ಮುಚ್ಚಲು ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಹಾಗಾಗಿ ಕೊಳ್ಳುವ ಮೊದಲೇ ನಿಮ್ಮ ಮಿಸ್ತ್ರಿಗೆ ಮೂರು ಹೆಸರು ಹೇಳಿ: ಪಿಸ್ಟನ್-ಲೈನರ್ ಸೆಟ್, ಕ್ಲಚ್ ಪ್ಲೇಟ್, ಹೈಡ್ರಾಲಿಕ್ ಪಂಪ್. ಮೂರೂ ಎಲ್ಲಿ ಸಿಗುತ್ತವೆ ಎಂದು ಅವನಿಗೆ ಗೊತ್ತಿಲ್ಲದಿದ್ದರೆ ಆ ಮಾಡೆಲ್ ಬಿಟ್ಟುಬಿಡಿ. ಎಷ್ಟೇ ಅಗ್ಗವಾಗಲಿ.

ರೇಟಿನ ವಿಷಯದಲ್ಲಿ ನನ್ನದು ಒಂದೇ ಅಳತೆ. ಮಾರುವವನ ಬೆಲೆ, ಮಿಸ್ತ್ರಿಯ ಅಂದಾಜು, ಅದರ ಮೇಲೆ ಕಾಲು ಭಾಗ ಜಾಸ್ತಿ. ಇಷ್ಟೂ ಸೇರಿ ಹೊಸ ಮಿನಿ ಟ್ರ್ಯಾಕ್ಟರಿನ ಅರ್ಧ ಬೆಲೆ ದಾಟಿದರೆ ಅದು ಅಗ್ಗವಲ್ಲ.

ಗಾಡಿಯ ಹಿಂದಿನ ಕಸುಬು

ಮಾಲೀಕ ಎಷ್ಟು ಗಂಟೆ ಓಡಿಸಿದ್ದಾನೆ ಎನ್ನುವುದಕ್ಕಿಂತ ಏನು ಕೆಲಸ ಮಾಡಿಸಿದ್ದಾನೆ ಎನ್ನುವುದು ಮುಖ್ಯ. ಗಂಟೆ ಮೀಟರ್ ಹೇಗೂ ನಿಂತುಹೋಗಿರುತ್ತದೆ. ನಂಬರ್ ಪ್ಲೇಟಿನಿಂದಲೇ ಒಂದಷ್ಟು ಊಹೆ ಸಿಗುತ್ತದೆ. ಎಂಎಚ್ 15 ನಾಶಿಕ, ಎಂಎಚ್ 10 ಸಾಂಗಲಿ, ಕೆಎ 28 ವಿಜಯಪುರ. ದ್ರಾಕ್ಷಿಯ ಊರಿಂದ ಬಂದ ಗಾಡಿ ವರ್ಷಗಟ್ಟಲೆ ಬಳ್ಳಿಗೆ ಹೊಡೆಯುವ ಬೋರ್ಡೋ ದ್ರಾವಣ ಕುಡಿದಿರುತ್ತದೆ. ಅದರಲ್ಲಿರುವ ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ. ಫುಟ್‌ಬೋರ್ಡಿನ ಅಡಿ, ಹಿಂದಿನ ಮಡ್‌ಗಾರ್ಡಿನ ಒಳಮೈ, ಬ್ಯಾಟರಿ ಪೆಟ್ಟಿಗೆ, ವೈರಿಂಗಿನ ಜೋಡಣೆಗಳು, ಇವನ್ನು ಟಾರ್ಚ್ ಹಾಕಿ ನೋಡಿ. ತಾಮ್ರದ ವೈರಿನ ತುದಿ ಹಸಿರುಗಟ್ಟಿದ್ದರೆ ಪೂರ್ತಿ ವೈರಿಂಗ್ ಬದಲಿಸುವ ಖರ್ಚು ಹಿಡಿಯಿರಿ.

ಮುಳಶಿ, ಭೋರ್ ಕಡೆಯ ಭತ್ತದ ಗದ್ದೆಯಲ್ಲಿ ದುಡಿದ ಗಾಡಿಯ ತೊಂದರೆ ಬೇರೆ. ಕೆಸರು ನೀರು ಮುಂದಿನ ಹಬ್ಬಿನ ಆಯಿಲ್ ಸೀಲ್ ದಾಟಿ ಒಳಗೆ ಹೋಗಿರುತ್ತದೆ. ಬ್ರೇಕಿನೊಳಗೂ ಹೋಗಿರುತ್ತದೆ. ಯಾವಾಗಲೂ ಮಣ್ಣು ಪುಡಿ ಮಾಡುವ ರೋಟಾವೇಟರ್ ಎಳೆದ ಗಾಡಿಯಾದರೆ ಕ್ಲಚ್ಚು, ಪಿಟಿಒ (ಹಿಂದೆ ಕಟ್ಟಿದ ಯಂತ್ರವನ್ನು ಇಂಜಿನ್ ಬಲದಿಂದ ತಿರುಗಿಸುವ) ಶಾಫ್ಟಿನ ಹಲ್ಲು ಸವೆದಿರುತ್ತವೆ.

ನೋಡಲು ಹೋದಾಗ

ಮಾರುವವರು ಸಾಮಾನ್ಯವಾಗಿ ‘ಏಕಾ ಸೆಲ್ಫ್‌ಲಾ ಚಾಲೂ ಹೋತೋ’ ಎನ್ನುತ್ತಾರೆ. ಒಂದೇ ಸೆಲ್ಫಿಗೆ ಶುರುವಾಗುತ್ತೆ ಅಂತ. ಆಗಬಹುದು. ನೀವು ಮಾತ್ರ ಹೋದ ಕೂಡಲೇ, ಚಹಾಕ್ಕೂ ಮೊದಲು, ಇಂಜಿನ್ ಬ್ಲಾಕಿನ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಒಮ್ಮೆ ಶುರು ಮಾಡಿ ಇಟ್ಟಿದ್ದಾರೆ ಎಂದರ್ಥ. ‘ಕಾಕಾ, ಸಂಜೆ ಬರ್ತೀನಿ, ಅಲ್ಲೀ ತನಕ ಮುಟ್ಟಬೇಡ್ರಿ’ ಎಂದು ಹೇಳಿ ಹೊರಡಿ. ಮರಾಠಿ ಅಷ್ಟಕ್ಕಷ್ಟೇ ಇದ್ದರೂ ಈ ಮಾತಿಗೆ ಸಾಲುತ್ತದೆ. ತಣ್ಣಗಿನ ಇಂಜಿನ್ ಸುಳ್ಳು ಹೇಳುವುದಿಲ್ಲ.

ಶುರು ಮಾಡುವ ಮೊದಲು ಮೂರು ಮುಚ್ಚಳ ತೆಗೆಯಿರಿ. ರೇಡಿಯೇಟರ್ ನೀರಿನ ಮೇಲೆ ಎಣ್ಣೆಯ ಪದರ ಇದೆಯಾ? ಇಂಜಿನ್ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದೆಯಾ? ಹಾಗಿದ್ದರೆ ನೀರು-ಎಣ್ಣೆ ಬೆರೆತಿವೆ. ಇಂಜಿನ್ ಬ್ಲಾಕು ಮತ್ತು ಅದರ ಮೇಲಿನ ಹೆಡ್ ನಡುವಿನ ಪ್ಯಾಕಿಂಗ್ ಹೋಗಿರಬಹುದು, ಬ್ಲಾಕೇ ಬಿರುಕು ಬಿಟ್ಟಿರಬಹುದು. ಗೇರ್‌ಬಾಕ್ಸಿನ ಎಣ್ಣೆಯೂ ಬೆಳ್ಳಗಿದ್ದರೆ ಮಳೆನೀರು ಇಳಿದಿದೆ. ಅದು ಅಷ್ಟು ಗಾಬರಿಯ ವಿಷಯವಲ್ಲ.

ಈಗ ಶುರು ಮಾಡಿಸಿ, ಹೊಗೆ ನೋಡಿ. ಮೊದಲ ನಿಮಿಷ ಬಿಳಿ ಹೊಗೆ ಬರುವುದು ಸಹಜ. ಬಿಸಿಯಾದ ಮೇಲೂ ಬಿಳಿ ಹೊಗೆ ಬಂದರೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಜಲ್ ಸರಿ ಇಲ್ಲ, ಇಲ್ಲವೇ ಕಂಪ್ರೆಶನ್ ಕಡಿಮೆ, ಇಲ್ಲವೇ ನೀರು ಸಿಲಿಂಡರಿಗೆ ಹೋಗುತ್ತಿದೆ. ನೀಲಿ ಅಂದರೆ ಎಣ್ಣೆ ಸುಡುತ್ತಿದೆ. ಕಪ್ಪು ಅಂದರೆ ಡೀಸೆಲ್ ಜಾಸ್ತಿ, ಗಾಳಿ ಕಡಿಮೆ. ಕಪ್ಪು ಹೊಗೆ ಅನೇಕ ಸಲ ಏರ್ ಕ್ಲೀನರ್ ತೊಳೆದರೇ ಹೋಗುತ್ತದೆ, ಆದರೆ ರೇಟಿಗೆ ಚೌಕಾಸಿ ಮಾಡಲು ಒಳ್ಳೆಯ ನೆಪ.

ಬಿಸಿಯಾದ ಮೇಲೆ ಎಣ್ಣೆ ಹಾಕುವ ಮುಚ್ಚಳ ಸಡಿಲಿಸಿ. ಅಲ್ಲಿಂದ ಪುಸ್‌ಪುಸ್ ಎಂದು ಹೊಗೆ ಒತ್ತಿ ಬಂದರೆ ಪಿಸ್ಟನ್ನಿನ ರಿಂಗು, ಸಿಲಿಂಡರಿನ ಲೈನರ್ ಸವೆದಿವೆ, ಇಂಜಿನ್ ಬಿಚ್ಚಲೇಬೇಕು. ಬೆಲೆ ತಗ್ಗಿಸುವ ಅತಿ ದೊಡ್ಡ ಅಂಶ ಇದೇ.

ಹೈಡ್ರಾಲಿಕ್ ನೋಡುವುದು ಸುಲಭ. ಕಲ್ಟಿವೇಟರ್ ಕಟ್ಟಿ ಮೇಲೆತ್ತಿಸಿ, ಇಂಜಿನ್ ಬಂದ್ ಮಾಡಿಸಿ, ಮಾತಾಡುತ್ತಾ ನಿಲ್ಲಿ. ನಿಧಾನಕ್ಕೆ ಒಂದಿಷ್ಟು ಇಳಿದರೆ ನಡೆಯುತ್ತದೆ. ಎತ್ತಿದ ಕೂಡಲೇ ಕುಸಿದರೆ ಲಿಫ್ಟಿನ ಪಿಸ್ಟನ್ ಸೀಲ್ ಅಥವಾ ವಾಲ್ವ್ ಕೆಲಸ ಇದೆ. ಎತ್ತಿದ್ದರ ಅಡಿಯಲ್ಲಿ ಕೈಕಾಲು ಇಡಬೇಡಿ. ಮುಂದಿನ ಆಕ್ಸಲ್ ಜ್ಯಾಕ್ ಹಾಕಿ ಎತ್ತಿ, ಗಾಲಿಯನ್ನು ಮೇಲೆ-ಕೆಳಗೆ ಹಿಡಿದು ಅಲುಗಾಡಿಸಿ. ಮುಂದಿನ ಗಾಲಿ ತಿರುಗುವ ಕಿಂಗ್‌ಪಿನ್ನಿನ ಬುಶ್ ಸವೆದಿದ್ದರೆ ಕಟಕಟ ಸದ್ದು ಕೈಗೇ ಗೊತ್ತಾಗುತ್ತದೆ. ಎಲ್ಲ ಗೇರು ಹಾಕಿ ಓಡಿಸಿ, ಪಿಟಿಒ ತಿರುಗಿಸಿ. ಟೈರಿನ ಹಲ್ಲುಗಳಿಗಿಂತ ಪಕ್ಕದ ಬಿರುಕು ನೋಡಿ. ಹಿಂದಿನ ಎರಡು ಟೈರ್ ಬದಲಿಸುವುದೆಂದರೆ ಸಣ್ಣ ಖರ್ಚಲ್ಲ.

ಕಾಗದ

ಇಲ್ಲಿ ಸಡಿಲ ಬಿಡಬೇಡಿ. ಆರ್‌ಸಿ ಇಲ್ಲದ ಗಾಡಿ ಎಷ್ಟೇ ಚೆನ್ನಾಗಿದ್ದರೂ ಬೇಡ. ಆರ್‌ಸಿಯಲ್ಲಿರುವ ಚಾಸಿ ನಂಬರ್, ಇಂಜಿನ್ ನಂಬರ್ ಎರಡನ್ನೂ ಗಾಡಿಯ ಮೇಲೆ ತಂತಿ ಬ್ರಶ್ಶಿನಿಂದ ಉಜ್ಜಿ ಓದಿ. ಸಾಲದ ನಮೂದು ಇದ್ದರೆ ಬ್ಯಾಂಕಿನ ಪತ್ರ ಮತ್ತು ಆ ನಮೂದು ತೆಗೆಸುವ ಫಾರ್ಮ್ 35 ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ಒಂದಷ್ಟು ವಿವರ ಅಲ್ಲೇ ಕಾಣುತ್ತದೆ.

ಹೆಸರು ಬದಲಿಸಲು ಫಾರ್ಮ್ 29 ಮತ್ತು 30. ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಚಿಕ್ಕೋಡಿ, ಅಥಣಿ, ವಿಜಯಪುರದ ಕಡೆಯಿಂದ ಅಗ್ಗಕ್ಕೆ ಸಿಕ್ಕಿತು ಎಂದು ತರುವವರು ಆ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಫಾರ್ಮ್ 28, ಮಾಲೀಕನ ಕೈಯಲ್ಲೇ ತೆಗೆಸಿಕೊಂಡು ಬರಬೇಕು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿಯ ನಂಬರ್ ಪಡೆಯಲೇಬೇಕು. ಊರಿನ ಸಂಬಂಧಿಕರದ್ದೇ ಗಾಡಿ, ಕಾಗದ ಆಮೇಲೆ ಮಾಡಿದರಾಯ್ತು ಎನ್ನುವ ಮಾತು ಬರುತ್ತದೆ. ಸಂಬಂಧ ಹಾಗೇ ಇರಲಿ, ಸಹಿ ಮೊದಲು ಆಗಲಿ. 15 ವರ್ಷ ದಾಟಿದ ಗಾಡಿಯಾದರೆ ನೋಂದಣಿ ನವೀಕರಣವಾಗಿದೆಯೇ ನೋಡಿ. ಅದಕ್ಕೆ ಫಾರ್ಮ್ 25, ಅವಧಿ 5 ವರ್ಷ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಆಗುವವರೆಗೆ ರಸ್ತೆಗೆ ಇಳಿಸಬೇಡಿ.

ಮನೆಗೆ ತರುವುದೂ ಪಿಕಪ್ಪಿನಲ್ಲೇ ಆಗಲಿ. ಬ್ರೇಕ್ ಗೊತ್ತಿಲ್ಲದ ಹಳೇ ಟ್ರ್ಯಾಕ್ಟರನ್ನು ದಿವೇ ಘಾಟ್‌ನಲ್ಲೋ ಖಂಬಾಟ್ಕಿ ಘಾಟ್‌ನಲ್ಲೋ ಓಡಿಸಿಕೊಂಡು ಬರುವ ಸಾಹಸ ಬೇಡ. ಗೇರಿನಲ್ಲಿ ಹಾಕಿ, ಗಾಲಿಗೆ ಅಡ್ಡಗಟ್ಟೆ ಕೊಟ್ಟು, ಹಗ್ಗವನ್ನು ಆಕ್ಸಲ್‌ಗೆ ಬಿಗಿಯಿರಿ. ಸ್ಟೇರಿಂಗ್ ರಾಡಿಗೆ ಬಿಗಿದರೆ ಅದು ಬಾಗುತ್ತದೆ.

ಬಿಚ್ಚುವ ಮೊದಲು

ಎಲ್ಲವನ್ನೂ ಒಂದೇ ಸಲ ಬಿಚ್ಚಿ ಹರಡುವ ಆಸೆ ಬರುತ್ತದೆ. ಬೇಡ. ಹಾಗೆ ಬಿಚ್ಚಿದ ಗಾಡಿಗಳು ಶೆಡ್ಡಿನಲ್ಲೇ ಮುದುಕಾಗುತ್ತವೆ. ಒಂದು ವ್ಯವಸ್ಥೆ ಬಿಚ್ಚಿ, ಮುಗಿಸಿ, ಜೋಡಿಸಿ, ಆಮೇಲೆ ಮುಂದಿನದು.

ಮೊದಲು ಫೋಟೋ, ಆಮೇಲೆ ತೊಳೆಯುವುದು. ಏರ್ ಕ್ಲೀನರ್ ಬಾಯಿ, ಡೈನಮೊ, ಸೆಲ್ಫ್ ಮೋಟರಿಗೆ ಪ್ಲಾಸ್ಟಿಕ್ ಕಟ್ಟಿ. ಗಟ್ಟಿಯಾದ ಗ್ರೀಸು-ಮಣ್ಣನ್ನು ಡೀಸೆಲ್ ಮತ್ತು ಬ್ರಶ್ಶಿನಿಂದ ನೆನೆಸಿ ಕೆರೆದು, ಆಮೇಲೆ ವಾಷಿಂಗ್ ಸೆಂಟರಿಗೆ ಒಯ್ಯಿರಿ. ಎಲ್ಲಿಂದ ಎಣ್ಣೆ ಸೋರುತ್ತಿದೆ ಎಂದು ತೊಳೆದ ಮರುದಿನ ಗೊತ್ತಾಗುತ್ತದೆ.

ತುಕ್ಕು ಹಿಡಿದ ಬೋಲ್ಟಿಗೆ ಪಾನಾ (ಸ್ಪ್ಯಾನರ್) ಹಾಕಿ ಜಗ್ಗಾಡಬೇಡಿ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ಸುತ್ತಿಗೆಯಿಂದ ತಲೆಯ ಮೇಲೆ ಎರಡು ಪೆಟ್ಟು ಕೊಟ್ಟು, ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಬಿಚ್ಚಿ. ತಲೆ ಮುರಿದೇ ಹೋದರೆ ಉಳಿದ ಮೊಂಡಿನ ಮೇಲೆ ನಟ್ಟು ಇಟ್ಟು ವೆಲ್ಡ್ ಮಾಡಿಸಿ. ಆ ಬಿಸಿಗೇ ಅರ್ಧ ಸಡಿಲವಾಗಿರುತ್ತದೆ. ಟ್ಯಾಂಕಿನ ಹತ್ತಿರ ಮಾತ್ರ ಬೆಂಕಿ, ವೆಲ್ಡಿಂಗ್ ಯಾವುದೂ ಬೇಡ.

ಬ್ರೇಕು, ಸ್ಟೇರಿಂಗು

ಬ್ರೇಕಿನ ಲೈನಿಂಗ್ ಎಣ್ಣೆ ಕುಡಿದಿದ್ದರೆ ಉಜ್ಜಿ ಹಾಕುವುದು ಸುಮ್ನೆ ದಂಡ. ಹೊಸ ಲೈನಿಂಗ್, ಜೊತೆಗೆ ಎಣ್ಣೆ ಬಿಟ್ಟ ಆ ಸೀಲೂ ಹೊಸದು. ಎಡ-ಬಲ ಪೆಡಲ್ ಎರಡೂ ಒಂದೇ ಎತ್ತರಕ್ಕೆ ಹಿಡಿಯುವಂತೆ ಸರಿಮಾಡಿ, ರಸ್ತೆಯಲ್ಲಿ ಎರಡನ್ನೂ ಜೋಡಿಸುವ ಕೊಂಡಿ ಇದೆಯೇ ನೋಡಿ. ಅದು ಎಷ್ಟೋ ಗಾಡಿಯಲ್ಲಿ ಕಳೆದುಹೋಗಿರುತ್ತದೆ. ಒಂದೇ ಕಡೆ ಬ್ರೇಕ್ ಹಿಡಿದರೆ ಗಾಡಿ ಮಗುಚುತ್ತದೆ. ಸ್ಟೇರಿಂಗ್ ಬಾಲ್ ಜಾಯಿಂಟ್‌ಗಳನ್ನು ರಿಪೇರಿ ಮಾಡಿಸಬೇಡಿ, ಹೊಸದೇ ಹಾಕಿ.

ಬೇರಿಂಗು, ಆಯಿಲ್ ಸೀಲು ಕೊಳ್ಳುವಾಗ ಗಾಡಿಯ ಹೆಸರು ಹೇಳುವ ಅಗತ್ಯವೇ ಇಲ್ಲ. ಬೇರಿಂಗಿನ ಮೇಲೆ ನಂಬರ್ ಇರುತ್ತದೆ. 6205 ಅಂದರೆ ಒಳಗೆ 25, ಹೊರಗೆ 52, ದಪ್ಪ 15 ಮಿಲಿಮೀಟರ್, ಯಾವ ಕಂಪನಿಯದಾದರೂ. ಸೀಲಿನ ಮೇಲೂ ಮೂರು ಅಂಕಿ: ಶಾಫ್ಟು, ಹೊರವ್ಯಾಸ, ದಪ್ಪ. ಹಳೇದನ್ನು ಕೈಯಲ್ಲಿ ಹಿಡಿದು ಬೇರಿಂಗ್ ಅಂಗಡಿಗೇ ಹೋಗಿ. ಪಾನಾ, ಪುಲ್ಲರ್, ಟ್ಯಾಪ್ ಸೆಟ್ಟಿಗೆ ರವಿವಾರ ಪೇಠೆಯ ಬೋಹರಿ ಆಳಿ. ಹಳೇ ಸಾಮಾನಿಗೆ ಬುಧವಾರ, ಭಾನುವಾರ ಸೇರುವ ಜೂನಾ ಬಾಜಾರ್ ಸುತ್ತಿ. ಮಡ್‌ಗಾರ್ಡು, ಟೂಲ್ ಬಾಕ್ಸು, ಬಾನೆಟ್ ಕೊಂಡಿಯಂಥವನ್ನು ಅಲ್ಲಿ ಹುಡುಕಬಹುದು. ಬ್ರೇಕು, ಸ್ಟೇರಿಂಗಿನ ಸಾಮಾನು ಅಲ್ಲಿ ಕೊಳ್ಳಬೇಡಿ. ಬುಶ್ ಕೊರೆಸಲು, ಶಾಫ್ಟ್ ತುಂಬಿಸಿ ತಿರುಗಿಸಲು ಭೋಸರಿಯ ಲೇತ್‌ಗಳಿವೆ.

ಡೀಸೆಲ್

ನಿಂತ ಗಾಡಿ ಶುರುವಾಗದಿರಲು ಹತ್ತರಲ್ಲಿ ಏಳು ಸಲ ಕಾರಣ ಇಲ್ಲೇ ಇರುತ್ತದೆ ಎನ್ನುವುದು ನನ್ನ ಅಂದಾಜು. ಟ್ಯಾಂಕ್ ಕೆಳಗಿಳಿಸಿ ಖಾಲಿ ಮಾಡಿ. ತಳದಲ್ಲಿ ಕಪ್ಪು ಲೋಳೆ, ನೀರು, ತುಕ್ಕಿನ ಪುಡಿ ಇರುತ್ತವೆ. ಒಂದು ಹಿಡಿ ಸಣ್ಣ ನಟ್ಟು, ಸ್ವಲ್ಪ ಡೀಸೆಲ್ ಹಾಕಿ ಚೆನ್ನಾಗಿ ಕುಲುಕಿ, ಸುರಿದು, ನಟ್ಟುಗಳನ್ನು ಎಣಿಸಿ ವಾಪಸ್ ತೆಗೆದುಕೊಳ್ಳಿ. ರಬ್ಬರ್ ಪೈಪು, ಫಿಲ್ಟರು ಹೊಸದು ಹಾಕಿ. ಹಳೇ ಪೈಪ್ ಹೊರಗೆ ಸೋರದಿದ್ದರೂ ಒಳಗೆ ಗಾಳಿ ಎಳೆಯುತ್ತದೆ.

ಈಗ ಗಾಳಿ ತೆಗೆಯಬೇಕು. ಟ್ಯಾಂಕ್ ಅರ್ಧವಾದರೂ ತುಂಬಿರಲಿ. ಫಿಲ್ಟರಿನ ಮೇಲಿನ ಗಾಳಿ ಸ್ಕ್ರೂ ಸಡಿಲಿಸಿ, ಕೈಪಂಪ್ ಇದ್ದರೆ ಒತ್ತುತ್ತಾ ಹೋಗಿ, ಇಲ್ಲದಿದ್ದರೆ ಡೀಸೆಲ್ ತಾನಾಗಿ ಇಳಿಯಲು ಬಿಡಿ. ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ಧಾರೆ. ಧಾರೆ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ. ನಿಲ್ಲಿಸಿ ಬಿಗಿದರೆ ಮತ್ತೆ ಗಾಳಿ ಸೇರುತ್ತದೆ. ಡೀಸೆಲ್ ಪಂಪಿನ ಸ್ಕ್ರೂಗೂ ಹೀಗೆಯೇ. ಕೊನೆಗೆ ನಾಜಲ್ ಪೈಪಿನ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಆಕ್ಸಿಲರೇಟರ್ ಪೂರ್ತಿ ಕೊಟ್ಟು, ಸೆಲ್ಫ್ ಹೊಡೆಯಿರಿ. ಡೀಸೆಲ್ ಜಿನುಗಿದ ಮೇಲೆ ಬಿಗಿಯಿರಿ. ಒಂದು ಸಲಕ್ಕೆ 10 ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಒತ್ತಬೇಡಿ, ಮಧ್ಯೆ ಅರ್ಧ ನಿಮಿಷ ಬಿಡಿ.

ನಾಜಲ್ ಚಿಮ್ಮುವ ಕಡೆ ಬೆರಳು ಒಡ್ಡಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿಮೊನೆಯಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಓಡಬೇಕು. ಪಂಪು, ನಾಜಲ್ ಎರಡನ್ನೂ ಪಂಪ್ ರಿಪೇರಿ ಅಂಗಡಿಯ ಬೆಂಚಿನ ಮೇಲೆ ಪರೀಕ್ಷೆ ಮಾಡಿಸಿ. ಇದು ಮನೆಯಲ್ಲಿ ಬಿಚ್ಚುವ ವಸ್ತುವಲ್ಲ.

ಬಹುಕಾಲ ನಿಂತ ಇಂಜಿನ್ ಮೊದಲ ಸಲ ಶುರುವಾಗುವಾಗ ಡೀಸೆಲ್ ಪ್ರಮಾಣ ಹಿಡಿದಿಡುವ ಪಂಪಿನ ರ‍್ಯಾಕ್ ಸಿಕ್ಕಿಕೊಂಡು ವೇಗ ಹಿಡಿತ ತಪ್ಪಿ ಏರಬಹುದು. ಕೀಲಿ ತಿರುಗಿಸಿದರೂ ನಿಲ್ಲುವುದಿಲ್ಲ. ಅದಕ್ಕೇ ಏರ್ ಕ್ಲೀನರ್ ಪೈಪ್ ಕಳಚಿಟ್ಟು, ಗಾಳಿಬಾಯಿ ಮುಚ್ಚುವಷ್ಟು ಅಗಲದ ಹಲಗೆ ಹಿಡಿದು ಒಬ್ಬರು ಪಕ್ಕದಲ್ಲಿ ನಿಂತಿರಬೇಕು. ಅಂಗೈಯಿಂದ ಮುಚ್ಚಲು ಹೋಗಬೇಡಿ.

ಗಾಳಿ, ನೀರು, ಎಣ್ಣೆ

ಹಳೇ ಗಾಡಿಯ ಏರ್ ಕ್ಲೀನರ್ ತಳದಲ್ಲಿ ಎಣ್ಣೆಯ ಬಟ್ಟಲು ಇರುತ್ತದೆ. ಅದನ್ನು ತೊಳೆದು ಗುರುತಿನ ಗೆರೆವರೆಗೆ ಹೊಸ ಎಣ್ಣೆ ಹಾಕಿ. ಗೆರೆ ಮೀರಿದರೆ ಇಂಜಿನ್ ಆ ಎಣ್ಣೆ ಎಳೆದುಕೊಳ್ಳುತ್ತದೆ.

ರೇಡಿಯೇಟರ್ ರಾಡ್ ಹಾಕಿಸಿ ಸ್ವಚ್ಛ ಮಾಡಿಸಿ. ಇಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಹೋಗದಂತೆ ತಡೆಯುವ ಥರ್ಮೋಸ್ಟಾಟ್ ಬಗ್ಗೆ ನಮ್ಮ ಮಿಸ್ತ್ರಿಗಳ ಜೊತೆ ನನ್ನ ಜಗಳ ಹಳೆಯದು. ‘ಯಜಮಾನ್ರ, ಬಿಸಿಲ ನಾಡಿನಾಗ ಅದು ಯಾಕ್ರೀ’ ಎಂದು ತೆಗೆದು ಎಸೆಯುತ್ತಾರೆ. ಅದು ಇಲ್ಲದಿದ್ದರೆ ಇಂಜಿನ್ ಸರಿಯಾದ ಬಿಸಿಗೆ ಬರುವುದೇ ಇಲ್ಲ, ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಸಿಲಿಂಡರ್ ಬೇಗ ಸವೆಯುತ್ತದೆ. ಪಾತ್ರೆಯಲ್ಲಿ ನೀರು ಕಾಯಿಸಿ ಅದರಲ್ಲಿ ಮುಳುಗಿಸಿ ನೋಡಿ. ನೀರು ಕುದಿಯುವ ಮೊದಲೇ ಬಾಯಿ ತೆರೆದರೆ ಚೆನ್ನಾಗಿದೆ, ವಾಪಸ್ ಹಾಕಿಸಿ. ಬೋರ್ ನೀರಿನ ಬದಲು ಕೂಲಂಟ್ ಹಾಕಿ.

ಹೆಡ್ ಬಿಚ್ಚಿದ್ದರೆ ಅದರ ಮೈ ಸಪಾಟಾಗಿದೆಯೇ ಎಂದು ಉಕ್ಕಿನ ಪಟ್ಟಿ, ಸಂದಿ ಅಳೆಯುವ ಫೀಲರ್ ಗೇಜ್ ಇಟ್ಟು ನೋಡಿ. ಬೋಲ್ಟುಗಳನ್ನು ನಡುವಿನಿಂದ ಹೊರಗೆ, ಮೂರು ಹಂತದಲ್ಲಿ, ಎಷ್ಟು ಬಿಗಿಯಾಯಿತು ಎಂದು ತೋರಿಸುವ ಟಾರ್ಕ್ ಪಾನಾದಿಂದಲೇ ಬಿಗಿಯಬೇಕು. ‘ಕೈ ಅಂದಾಜು ಸಾಕು’ ಎನ್ನುವವರಿಗೆ ಹೆಡ್ ಕೆಲಸ ಕೊಡಬೇಡಿ. ಆಮೇಲೆ ವಾಲ್ವ್ ಅಂತರವನ್ನು ಆ ಮಾಡೆಲಿನ ಪುಸ್ತಕದ ಅಳತೆಗೆ ಸರಿಪಡಿಸಿ. ಎಣ್ಣೆ 15ಡಬ್ಲ್ಯೂ-40 ಅಥವಾ 20ಡಬ್ಲ್ಯೂ-40, ಪುಸ್ತಕ ಹೇಳಿದಂತೆ.

ವೈರಿಂಗಿನಲ್ಲಿ ಮೊದಲು ನೋಡಬೇಕಾದ್ದು ಬ್ಯಾಟರಿಯನ್ನು ಗಾಡಿಯ ಮೈಗೆ ಜೋಡಿಸುವ ಅರ್ತ್ ಪಟ್ಟಿ. ಅದರ ಎರಡೂ ತುದಿ ಉಜ್ಜಿ ಲೋಹ ಹೊಳೆಯುವಂತೆ ಮಾಡಿ. ಸೆಲ್ಫ್ ಮೋಟರ್ ಸತ್ತಿದೆ ಎನ್ನುವ ಅರ್ಧ ದೂರುಗಳು ಅಲ್ಲೇ ಮುಗಿಯುತ್ತವೆ. ಶುರುವಾಗುವ ಮೊದಲು ಸಿಲಿಂಡರ್ ಕಾಯಿಸುವ ಗ್ಲೋ ಪ್ಲಗ್ ಇರುವ ಇಂಜಿನ್‌ಗಳಲ್ಲಿ ಒಂದೊಂದನ್ನೂ ಮೀಟರ್ ಹಿಡಿದು ನೋಡಿ. ಸೆಲ್ಫ್ ಮೋಟರಿನ ಎರಡು ತುದಿಗೆ ಸ್ಕ್ರೂಡ್ರೈವರ್ ಮುಟ್ಟಿಸಿ ಶುರು ಮಾಡುವ ಚಟ ಬಿಡಿ. ಗೇರಿನಲ್ಲಿದ್ದರೆ ಗಾಡಿ ನಿಮ್ಮ ಮೇಲೇ ಹತ್ತುತ್ತದೆ.

ಬಣ್ಣ

ಪುಣೆಯ ಮಳೆಗಾಲದಲ್ಲಿ ಬಣ್ಣ ಹೊಡೆಯಬೇಡಿ. ಗಾಳಿಯ ತೇವಕ್ಕೆ ಹೊಳಪು ಸತ್ತು ಮೇಲೆ ಬಿಳಿ ಮಬ್ಬು ಕೂರುತ್ತದೆ. ಮೇ ಒಳಗೆ ಅಥವಾ ದೀಪಾವಳಿಯ ಆಚೆಗೆ ಇಟ್ಟುಕೊಳ್ಳಿ. ತುಕ್ಕನ್ನು ತಂತಿ ಬ್ರಶ್ಶಿನಿಂದ ತೆಗೆದು, ಥಿನ್ನರಿನಿಂದ ಒರೆಸಿ, ಪ್ರೈಮರ್, ಆಮೇಲೆ ಎನಾಮಲ್. ಹೊಲದ ಗಾಡಿಗೆ ಎನಾಮಲ್ ಸಾಕು, ಗೀರು ಬಿದ್ದರೆ ನೀವೇ ತೀಡಬಹುದು. ಪಿಯು (ಪಾಲಿಯುರೆಥೇನ್) ಬಣ್ಣ ಹೊಳೆಯುತ್ತದೆ ನಿಜ, ಆದರೆ ಅದರ ಹಾರ್ಡನರ್ ಉಸಿರಿಗೆ ಕೆಟ್ಟದ್ದು. ಬಟ್ಟೆ ಕಟ್ಟಿಕೊಂಡು ಹೊಡೆಯುವಂಥದ್ದಲ್ಲ, ಬೂತ್ ಇರುವವರಿಗೆ ಬಿಡಿ. ರೇಡಿಯೇಟರ್ ಜಾಲರಿ, ಪೈಪು, ಗ್ರೀಸ್ ನಿಪ್ಪಲ್‌ಗಳ ಮೇಲೆ ಬಣ್ಣ ಬೇಡ. ಚಾಸಿ ನಂಬರ್ ಇರುವ ಜಾಗಕ್ಕೆ ಗ್ರೈಂಡರ್ ಮುಟ್ಟಿಸಲೇಬೇಡಿ. ಅಳಿಸಿದ ನಂಬರಿಗೆ ಆರ್‌ಟಿಒ ಮುಂದೆ ಸಮಜಾಯಿಷಿ ಹೇಳುವುದು ಕಷ್ಟ.

ಹೊಲಕ್ಕೆ ಇಳಿಸುವಾಗ

ಸಾಸವಡ ಇರುವ ಪುರಂದರ ತಾಲೂಕಿನ ಇಳಿಜಾರು ಹೊಲಗಳಲ್ಲಿ ಈ ಕಿರಿದಾದ ಗಾಡಿಗಳು ಬೇಗ ಪಕ್ಕಕ್ಕೆ ವಾಲುತ್ತವೆ. ಹಿಂದಿನ ಗಾಲಿಗಳ ನಡುವಿನ ಅಗಲ ಎಷ್ಟು ಹೆಚ್ಚಿಸಬಹುದೋ ಅಷ್ಟು ಹೆಚ್ಚಿಸಿ. ಏನನ್ನೇ ಎಳೆಯುವುದಿದ್ದರೂ ಹಿಂಬದಿಯ ಕೆಳಗಿನ ಎಳೆಯುವ ಪಟ್ಟಿಗೇ, ಅಂದರೆ ಡ್ರಾಬಾರಿಗೇ ಕಟ್ಟಿ. ಮೇಲೆ ಕಟ್ಟಿ ಎಳೆದರೆ ಮುಂಭಾಗ ಎದ್ದು ಹಿಂದಕ್ಕೆ ಮಗುಚುತ್ತದೆ. ಪಿಟಿಒ ಶಾಫ್ಟಿಗೆ ಕವರ್ ಇಲ್ಲದೆ ಪಂಪ್ ತಿರುಗಿಸಬೇಡಿ. ಲುಂಗಿ, ಟವೆಲ್, ಸೀರೆಯ ಸೆರಗು, ಯಾವುದನ್ನೂ ಅದು ಬಿಡುವುದಿಲ್ಲ.

ಮೊದಲು ಖಾಲಿ ಓಡಿಸಿ, ಎಣ್ಣೆ ಲೈಟ್ ಆರಿದೆಯೇ, ಬಿಸಿ ಎಲ್ಲಿ ನಿಲ್ಲುತ್ತದೆ ನೋಡಿ. ಆಮೇಲೆ ಹಗುರಾಗಿ ಕಲ್ಟಿವೇಟರ್. ಮೊದಲ ದಿನದ ಕೆಲಸ ಮುಗಿದ ಮೇಲೆ ಗಾಲಿಯ ನಟ್ಟುಗಳನ್ನು ಮತ್ತೆ ಬಿಗಿಯಿರಿ, ಸೋರುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಇಂಜಿನ್ ಬಿಚ್ಚಿ ಜೋಡಿಸಿದ್ದರೆ ಸುಮಾರು 50 ಗಂಟೆಗೆ ಎಣ್ಣೆ, ಫಿಲ್ಟರ್ ಬದಲಿಸಿ. ರೋಟಾವೇಟರ್ ಕಟ್ಟುವುದು ಅದಾದ ಮೇಲೆ.